ಉಳಿದ ನೂಲಿನ ಲೆಕ್ಕ

ಕುಂದಾಪುರ ಕಡೆಯ ಹಳೆಯ ಮನೆಗಳಲ್ಲಿ ಹುಡುಕಿದರೆ ಒಂದು ಬಿಸ್ಕತ್ತಿನ ಡಬ್ಬಿ ಸಿಗುತ್ತದೆ. ಅದರಲ್ಲಿ ಬಿಸ್ಕತ್ತು ಇರುವುದಿಲ್ಲ. ಬಣ್ಣ ಮಾಸಿದ ಗುಂಡಿಗಳು, ತುಕ್ಕು ಹಿಡಿದ ಪಿನ್ನು, ಒಂದೆರಡು ಸೂಜಿ, ತುದಿ ಬಾಗಿದ ಒಂದು ಕಡ್ಡಿ, ಮತ್ತೆ ನಿಂಬೆಹಣ್ಣಿನಷ್ಟು ದಪ್ಪದ ಹತ್ತಾರು ಉಲನ್ ಉಂಡೆಗಳು. ಮನೆ ಗುಡಿಸುವ ದಿನ ಯಾರಾದರೂ ಆ ಡಬ್ಬಿಯನ್ನು ಎತ್ತಿ ಹೊರಗಿಟ್ಟರೆ ಒಳಗಿನಿಂದ ಅಜ್ಜಿಯ ಸ್ವರ ಬರುತ್ತದೆ: ‘ಬಿಸಾಡ್ಬೇಡ ಹೆಣ್ಣೆ, ಎಂತಕ್ಕಾರೂ ಆತ್ತ್.’

ಎಂತಕ್ಕೆ ಆಗುತ್ತದೆ ಎಂಬುದೇ ಈ ಲೇಖನದ ವಿಷಯ. ಉತ್ತರ ಸರಳ. ಚೌಕ ಚೌಕವಾಗಿ ಹೆಣೆದು ಜೋಡಿಸಿದರೆ ಅದೊಂದು ಹೊದಿಕೆಯಾಗುತ್ತದೆ. ಆದರೆ ಈ ಸರಳ ಉತ್ತರದ ಹಿಂದೆ ಒಂದಿಷ್ಟು ಗಣಿತ, ಒಂದಿಷ್ಟು ಚರಿತ್ರೆ ಮತ್ತು ಯಾರೂ ಇಡದ ಒಂದು ಲೆಕ್ಕ ಇವೆ.

ಮೊದಲಿಗೆ ಒಂದು ಅನುಮಾನವನ್ನು ಪರಿಹರಿಸಿಕೊಳ್ಳೋಣ. ಕುಂದಾಪುರ, ಬೈಂದೂರು, ಬ್ರಹ್ಮಾವರದಂಥ ಊರುಗಳಿಗೆ ಉಲನ್ ಯಾಕೆ ಬಂತು? ಇದು ಚಳಿಯ ಸೀಮೆಯಲ್ಲ. ಜನವರಿಯ ನಸುಕಿನಲ್ಲೂ ಇಲ್ಲಿ ಉಷ್ಣಾಂಶ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಸ್ವೆಟರ್ ಹಾಕಿಕೊಂಡು ಹೊರಟವನನ್ನು ಕಂಡರೆ ‘ಜ್ವರವೊ?’ ಎಂದು ಕೇಳುವ ಊರು ಇದು. ಹಾಗಿದ್ದರೂ ಉಲನ್ ಬಂದದ್ದು ಕೂಸುಗಳಿಗಾಗಿ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಕರಾವಳಿ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನ ಒಳಗೇ. ಗೋಡೆ ಬೆವರುವ, ಬಟ್ಟೆ ಒಣಗದ ಆ ದಿನಗಳಲ್ಲಿ ಹುಟ್ಟಿದ ಮಗುವಿಗೆ ಟೊಪ್ಪಿ, ಕಾಲುಚೀಲ, ಪುಟ್ಟ ಅಂಗಿ ಬೇಕು. ಬಸುರಿ ಹೆಂಗಸು ತವರಿಗೆ ಬಂದು ಕುಳಿತ ತಿಂಗಳುಗಳಲ್ಲಿ ಮನೆಯ ಹೆಂಗಸರು ಅದನ್ನು ಹೆಣೆಯುತ್ತಿದ್ದರು. ಗಂಡೋ ಹೆಣ್ಣೋ ತಿಳಿಯದ ಕಾರಣ ಹಳದಿ, ಬಿಳಿ, ತಿಳಿಹಸಿರು ಬಣ್ಣಗಳು. ಟೊಪ್ಪಿ ಮುಗಿದ ಮೇಲೆ ಒಂದು ತುಂಡು ಉಂಡೆ ಉಳಿಯುತ್ತದೆ. ಇನ್ನೊಂದು ಟೊಪ್ಪಿಗೆ ಅದು ಸಾಲದು, ಎಸೆಯಲು ಮನಸ್ಸು ಬಾರದು. ಡಬ್ಬಿ ತುಂಬುವುದು ಹೀಗೆ.

ಉಲನ್ ಎಂದು ನಾವು ಕರೆಯುವುದರಲ್ಲಿ ಬಹುಪಾಲು ಕುರಿಯ ಮೈ ಕಂಡದ್ದೇ ಅಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಅಂಗಡಿಯಲ್ಲಿ ಸಿಗುವ ಅಗ್ಗದ ನೂಲು ಸಾಮಾನ್ಯವಾಗಿ ಅಕ್ರಿಲಿಕ್, ಅಂದರೆ ರಾಸಾಯನಿಕದಿಂದ ತೆಗೆದ ಎಳೆ. 1950ರ ಸುಮಾರಿಗೆ ಅಮೆರಿಕದಲ್ಲಿ ಇದು ವ್ಯಾಪಾರಕ್ಕೆ ಬಂತು. ನಮ್ಮ ದೇಶದಲ್ಲಿ ಪಂಜಾಬಿನ ಲುಧಿಯಾನ ಈ ನೂಲಿನ ದೊಡ್ಡ ಕೇಂದ್ರ. ನಿಜವಾದ ಉಣ್ಣೆಯಷ್ಟು ಬೆಚ್ಚಗಿಲ್ಲದಿದ್ದರೂ ಕರಾವಳಿಗೆ ಇದರಿಂದ ಅನುಕೂಲವೇ ಆಯಿತು. ನುಸಿ ತಿನ್ನುವುದಿಲ್ಲ, ನೀರನ್ನು ಹೆಚ್ಚು ಹೀರದ್ದರಿಂದ ಬೇಗ ಒಣಗುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಬೆಂಕಿ ತಾಗಿದರೆ ಇದು ಕರಗಿ ಮೈಗೆ ಅಂಟುತ್ತದೆ. ಬಚ್ಚಲ ಒಲೆಯ ಹತ್ತಿರ ಒಣಗಿಸುವ ಅಭ್ಯಾಸವಿದ್ದವರು ಇದನ್ನು ಮರೆಯಬಾರದು.

ಒಂದು ಕೊಕ್ಕೆ, ಒಂದು ಕುಣಿಕೆ

ಹೆಣಿಗೆಯಲ್ಲಿ ಎರಡು ಬಗೆ. ಎರಡು ಉದ್ದ ಕಡ್ಡಿಗಳಿಂದ ಸ್ವೆಟರ್ ಹೆಣೆಯುವುದು ಒಂದು. ತುದಿ ಬಾಗಿದ ಒಂದೇ ಕಡ್ಡಿಯಿಂದ ಹೆಣೆಯುವ ಕ್ರೋಶಾ ಇನ್ನೊಂದು. ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ ಪುಟ್ಟ ಕೊಕ್ಕೆ ಎಂದೇ ಅರ್ಥ. ಎರಡೂ ಕುಣಿಕೆಗಳ ಆಟವೇ, ಆದರೆ ಸ್ವಭಾವ ಬೇರೆ. ಸ್ವೆಟರ್ ಕಡ್ಡಿಯ ಮೇಲೆ ಐವತ್ತೋ ನೂರೋ ಕುಣಿಕೆಗಳು ಒಟ್ಟಿಗೆ ಬಾಯಿ ತೆರೆದು ನಿಂತಿರುತ್ತವೆ. ಕಡ್ಡಿ ಜಾರಿದರೆ ಸಾಲು ಸಾಲೇ ಬಿಚ್ಚಿಕೊಳ್ಳುವ ಭಯ. ಕ್ರೋಶಾದಲ್ಲಿ ಸಾಮಾನ್ಯವಾಗಿ ಕಡ್ಡಿಯ ಮೇಲೆ ಉಳಿಯುವುದು ಒಂದೇ ಕುಣಿಕೆ. ಅದನ್ನು ಸ್ವಲ್ಪ ಎಳೆದು ಉದ್ದ ಮಾಡಿಟ್ಟರೆ ಸಾಕು, ಕೆಲಸವನ್ನು ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಈ ಸಣ್ಣ ವ್ಯತ್ಯಾಸದಲ್ಲಿ ದೊಡ್ಡ ಸಂಗತಿಯೊಂದಿದೆ. ಮನೆಯ ಹೆಂಗಸಿನ ದಿನ ಇಡಿಯಾಗಿ ಇರುವುದಿಲ್ಲ, ತುಂಡು ತುಂಡಾಗಿರುತ್ತದೆ. ಅನ್ನಕ್ಕೆ ನೀರಿಟ್ಟು ಹತ್ತು ನಿಮಿಷ, ದನ ಕರೆಯುವ ಮೊದಲು ಕಾಲು ಗಂಟೆ, ಮಗು ಮಲಗಿದ ಮೇಲೆ ಅರ್ಧ ಗಂಟೆ. ಕರೆದ ಕೂಡಲೇ ಎದ್ದು ಹೋಗಬೇಕು. ಇಂಥ ತುಂಡು ಸಮಯಕ್ಕೆ ಹೊಂದುವ ಕೆಲಸವೆಂದರೆ ತುಂಡು ಚೌಕ. ಅಂಗೈಯಗಲದ ಒಂದು ಚೌಕ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಸೆರಗಿನಲ್ಲಿ ಕಟ್ಟಿಕೊಂಡೂ ಹೋಗಬಹುದು. ಉಳಿದ ನೂಲು, ಉಳಿದ ಸಮಯ ಎರಡೂ ಸೇರಿ ಈ ಹೊದಿಕೆ ಹುಟ್ಟುತ್ತದೆ.

ಕ್ರೋಶಾದ ಚರಿತ್ರೆ ಬಹಳ ಹಳೆಯದಲ್ಲ. ಅಚ್ಚಾದ ಮೊದಲ ಮಾದರಿಗಳು 1823ರ ಡಚ್ ಪತ್ರಿಕೆಯೊಂದರಲ್ಲಿವೆ. 1840ರ ದಶಕದಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಘೋರ ಕ್ಷಾಮ ಬಂದಾಗ ಅಲ್ಲಿನ ಕ್ರೈಸ್ತ ಸನ್ಯಾಸಿನಿಯರು ಹೆಂಗಸರಿಗೂ ಮಕ್ಕಳಿಗೂ ಈ ಹೆಣಿಗೆ ಕಲಿಸಿದರು. ಲೇಸು ಮಾರಿ ಎಷ್ಟೋ ಕುಟುಂಬಗಳು ಜೀವ ಉಳಿಸಿಕೊಂಡವು. ಭಾರತಕ್ಕೆ ಈ ಕಸುಬು ಹೆಚ್ಚಾಗಿ ಮಿಷನರಿಗಳ ಜೊತೆ ಬಂತು. ಆಂಧ್ರದ ಗೋದಾವರಿ ಬಯಲಿನ ನರಸಾಪುರದಲ್ಲಿ 19ನೇ ಶತಮಾನದ ನಡುವೆ ಸ್ಕಾಟ್ಲೆಂಡಿನ ಮಿಷನರಿ ದಂಪತಿ ಹಚ್ಚಿದ ಲೇಸು ಕೆಲಸ ಇಂದಿಗೂ ನಡೆದಿದೆ. 2024ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ನಮ್ಮ ಕಡೆ 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂದಿತು. ಅದರ ಮಗ್ಗ, ಹಂಚು, ಅಚ್ಚುಕೂಟಗಳ ಕಥೆ ಎಲ್ಲರಿಗೂ ಗೊತ್ತು. ಹೆಣ್ಣುಮಕ್ಕಳ ಶಾಲೆಗಳ ಹೊಲಿಗೆ ತರಗತಿಗಳಿಂದಲೂ, ನೆರೆಮನೆಯ ಜಗಲಿಗಳಿಂದಲೂ ಕ್ರೋಶಾ ಮನೆಮನೆಗೆ ಹಬ್ಬಿತು. ರೇಡಿಯೋದ ಮೇಲೆ, ಆಮೇಲೆ ಟಿ.ವಿ.ಯ ಮೇಲೆ ಬಿಳಿ ಜಾಲರಿಯ ಮುಸುಕು ಹೊದಿಸದ ಮನೆ ಒಂದು ಕಾಲದಲ್ಲಿ ಅಪರೂಪವೇ ಆಗಿತ್ತು.

ಚೌಕದ ಗಣಿತ

ಈಗ ಚೌಕಕ್ಕೆ ಬರೋಣ. ಅಜ್ಜಿಯ ಚೌಕ ಎಂದು ಇಂಗ್ಲಿಷಿನವರು ಪ್ರೀತಿಯಿಂದ ಕರೆಯುವ ಈ ನಮೂನೆಯನ್ನು 1885ರಲ್ಲಿ ಅಮೆರಿಕದ ರೈತರ ಪತ್ರಿಕೆಯೊಂದು ಅಚ್ಚು ಹಾಕಿತ್ತು. ಮಾಡುವ ರೀತಿ ಹೀಗೆ. ನಾಲ್ಕು ಚೈನು ಹಾಕಿ ಉಂಗುರದಂತೆ ಸೇರಿಸಬೇಕು. ಆ ಉಂಗುರದ ಒಳಗೆ ಮೂರು ಮೂರು ಕಂಬಗಳ ನಾಲ್ಕು ಗುಂಪು. ಒಂದು ಗುಂಪಿಗೂ ಇನ್ನೊಂದಕ್ಕೂ ನಡುವೆ ಎರಡು ಚೈನಿನ ಸಂದು. ಈ ನಾಲ್ಕು ಸಂದುಗಳೇ ಚೌಕದ ನಾಲ್ಕು ಮೂಲೆ. ಎರಡನೆಯ ಸುತ್ತಿನಲ್ಲಿ ಪ್ರತಿ ಮೂಲೆಗೂ ಎರಡೆರಡು ಗುಂಪು. ಮೂರನೆಯ ಸುತ್ತಿನಲ್ಲಿ ಮೂಲೆಗೆ ಎರಡು, ಬದಿಗೆ ಒಂದು. ಹೀಗೆ ಬೆಳೆಸುತ್ತಾ ಹೋಗುವುದು.

ಎಣಿಸಿ ನೋಡಿ. ಮೊದಲ ಸುತ್ತಿನಲ್ಲಿ 12 ಕಂಬ, ಎರಡರಲ್ಲಿ 24, ಮೂರರಲ್ಲಿ 36, ನಾಲ್ಕರಲ್ಲಿ 48. ಒಟ್ಟು 120. ಅಂದರೆ ಮೊದಲ ಸುತ್ತು ತಿನ್ನುವುದು ನೂಲಿನ ಹತ್ತನೆಯ ಒಂದು ಪಾಲು ಮಾತ್ರ, ಕೊನೆಯ ಸುತ್ತು ಹತ್ತರಲ್ಲಿ ನಾಲ್ಕು ಪಾಲು. ಉಳಿದ ನೂಲಿನಿಂದ ಹೆಣೆಯುವವರಿಗೆ ಇದೇ ಮುಖ್ಯ ಸೂತ್ರ. ಅತಿ ಸಣ್ಣ ಉಂಡೆ ಚೌಕದ ನಡುವಿಗೆ, ಅದಕ್ಕಿಂತ ದೊಡ್ಡದು ಮುಂದಿನ ಸುತ್ತಿಗೆ, ಎಲ್ಲಕ್ಕಿಂತ ಹೆಚ್ಚು ಇರುವ ಬಣ್ಣ ಹೊರಗಿನ ಅಂಚಿಗೆ. ಹೊರಗಿನ ಸುತ್ತು ಎಲ್ಲ ಚೌಕಗಳಿಗೂ ಒಂದೇ ಬಣ್ಣದ್ದಾದರೆ ಒಳಗೆ ಎಷ್ಟು ಬಣ್ಣಗಳ ಗಲಾಟೆ ಇದ್ದರೂ ಕಣ್ಣಿಗೆ ಹಿತವಾಗಿ ಕಾಣುತ್ತದೆ.

ಚೌಕವೊಂದಕ್ಕೆ ಒಂದೇ ಬಗೆಯ ಹೆಣಿಗೆ ಇರಬೇಕೆಂಬ ನಿಯಮವಿಲ್ಲ. ಸಾಲು ಸಾಲಾಗಿ ಹೋಗುವ ಚೌಕಗಳಲ್ಲಿ ಬೇರೆ ಬೇರೆ ಹೆಣಿಗೆಗಳನ್ನು ಬಳಸಬಹುದು. ಪ್ರತಿಯೊಂದಕ್ಕೂ ಒಂದು ಗುಣ. ಗಿಡ್ಡ ಕಂಬದ ಹೆಣಿಗೆ ಒತ್ತಾಗಿ, ಬಿಗಿಯಾಗಿ ಬರುತ್ತದೆ. ಗಾಳಿ ಆಡುವುದು ಕಡಿಮೆ, ಭಾರ ಹೆಚ್ಚು. ಉದ್ದ ಕಂಬದ ಹೆಣಿಗೆ ಸಡಿಲ, ಹಗುರ, ಕೆಲಸ ಬೇಗ ಸಾಗುತ್ತದೆ. ಆದರೆ ಕೂಸಿನ ಬೆರಳು ಸಂದಿಯಲ್ಲಿ ಸಿಕ್ಕಿಕೊಳ್ಳುವ ಭಯ. ಒಂದೇ ಮನೆಯಲ್ಲಿ ಐದು ಕಂಬ ಹಾಕಿದರೆ ಚಿಪ್ಪಿನಂತೆ ಬೀಸಣಿಗೆ ಬಿಚ್ಚಿಕೊಳ್ಳುತ್ತದೆ. ಅವೇ ಐದನ್ನು ತಲೆಯಲ್ಲಿ ಒಟ್ಟುಗೂಡಿಸಿದರೆ ಅರಳಿನಂತೆ ಉಬ್ಬಿದ ಗುಬ್ಬಿ; ಚಂದವೇನೋ ಹೌದು, ಆದರೆ ನೂಲನ್ನು ನುಂಗಿಬಿಡುತ್ತದೆ. ಕುಣಿಕೆಯ ಎರಡು ಎಳೆಗಳಲ್ಲಿ ಹಿಂದಿನದನ್ನು ಮಾತ್ರ ಹಿಡಿದು ಹೆಣೆದರೆ ಉಳುಮೆ ಮಾಡಿದ ಗದ್ದೆಯ ಸಾಲಿನಂತೆ ಏರಿಳಿತ ಮೂಡುತ್ತದೆ. ಕಂಬದ ತಲೆಯನ್ನು ಬಿಟ್ಟು ಮೈಯನ್ನೇ ಸುತ್ತಿ ಹೆಣೆದರೆ ಜೇನುಹುಟ್ಟಿನಂಥ ದಪ್ಪ ಹೊದಿಕೆ.

ತೊಂದರೆ ಬರುವುದೂ ಇಲ್ಲೇ. ಹೆಣಿಗೆ ಬೇರೆಯಾದರೆ, ನೂಲಿನ ದಪ್ಪ ಬೇರೆಯಾದರೆ, ಎಣಿಕೆ ಒಂದೇ ಇದ್ದರೂ ಚೌಕಗಳ ಅಳತೆ ಒಂದಾಗುವುದಿಲ್ಲ. ಹೊಸಬರು ಕಂಬಗಳನ್ನು ಎಣಿಸಿ ಮೋಸ ಹೋಗುತ್ತಾರೆ. ಅನುಭವಸ್ಥರು 10 ಸೆಂಟಿಮೀಟರಿನ ಒಂದು ರಟ್ಟನ್ನು ಕತ್ತರಿಸಿಕೊಂಡು, ಪ್ರತಿ ಚೌಕವನ್ನೂ ಅದರ ಮೇಲಿಟ್ಟು ನೋಡುತ್ತಾರೆ. ಚಿಕ್ಕದಾದರೆ ಇನ್ನೊಂದು ಗಿಡ್ಡ ಸುತ್ತು, ದೊಡ್ಡದಾದರೆ ಒಂದು ನಂಬರು ಸಣ್ಣ ಕಡ್ಡಿ. ಉಂಡೆಯಲ್ಲಿರುವ ನೂಲು ಇನ್ನೊಂದು ಸಾಲಿಗೆ ಸಾಕೇ ಎಂಬ ಸಂಶಯ ಬಂದರೆ ಅದನ್ನು ಸಾಲಿನ ಉದ್ದಕ್ಕೆ ಹಿಡಿದು ನೋಡಬೇಕು. ಕಂಬದ ಸಾಲಿಗೆ ಅದರ ಅಗಲದ ಸುಮಾರು ನಾಲ್ಕು ಪಟ್ಟು ನೂಲು ಬೇಕು. ಅಷ್ಟಿಲ್ಲದಿದ್ದರೆ ಸಾಲು ಹಿಡಿಯದಿರುವುದೇ ಲೇಸು.

ಪುಸ್ತಕ ನೋಡಿ ಕಲಿಯುವವರಿಗೆ ಇನ್ನೊಂದು ತೊಡಕಿದೆ. ಬ್ರಿಟಿಷ್ ಪುಸ್ತಕ ‘ಡಬಲ್’ ಎಂದು ಕರೆಯುವ ಹೆಣಿಗೆಯನ್ನು ಅಮೆರಿಕದ ಪುಸ್ತಕ ‘ಸಿಂಗಲ್’ ಎನ್ನುತ್ತದೆ. ಬ್ರಿಟಿಷರ ‘ಟ್ರೆಬಲ್’ ಅಮೆರಿಕದವರ ‘ಡಬಲ್’. ಹಳೆಯ ಪುಸ್ತಕ ನೋಡಿ ಕಲಿತ ಅತ್ತೆ, ಮೊಬೈಲಿನಲ್ಲಿ ನೋಡಿ ಕಲಿತ ಸೊಸೆ ಒಂದೇ ಚೌಕಕ್ಕೆ ಜಗಳವಾಡಿದರೆ ಇಬ್ಬರದೂ ಸರಿ ಇರಬಹುದು.

ಬಲೆ, ಕೌದಿ, ಕ್ರೋಶಾ

ಕೊಕ್ಕೆ ಹಿಡಿಯುವುದು ಹೆಂಗಸರ ಕೆಲಸ ಎಂದು ನಾವು ತಿಳಿದಿದ್ದೇವೆ. ಗಂಗೊಳ್ಳಿಯ ಬಂದರಿಗೋ ಮರವಂತೆಯ ಕಡಲ ತಡಿಗೋ ಮಳೆಗಾಲದ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ಹೋಗಿ ನೋಡಿದರೆ ಆ ಭಾವನೆ ಬದಲಾಗುತ್ತದೆ. ಕಡಲಲ್ಲಿ ದಶಕಗಳನ್ನು ಕಳೆದ ಗಂಡಸರು ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚನ್ನು ಸಿಕ್ಕಿಸಿಕೊಂಡು, ನೂಲು ಸುತ್ತಿದ ಚಪ್ಪಟೆ ಸೂಜಿಯಿಂದ ಹರಿದ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತಿರುತ್ತಾರೆ. ಹಳೆಯ ಬಲೆಯ ತುಂಡು ಹೊಸ ಬಲೆಗೆ ತೇಪೆಯಾಗುತ್ತದೆ. ಅಲ್ಲಿಯೂ ಏನೂ ಬಿಸಾಡುವುದಿಲ್ಲ.

ಎರಡಕ್ಕೂ ಒಂದು ಮೂಲ ವ್ಯತ್ಯಾಸವಿದೆ. ಬಲೆಯ ಪ್ರತಿ ಕಣ್ಣಿಗೂ ಗಂಟಿದೆ. ಒಂದು ಕಣ್ಣು ಹರಿದರೂ ಪಕ್ಕದ್ದು ನಿಲ್ಲುತ್ತದೆ. ಕ್ರೋಶಾದಲ್ಲಿ ಗಂಟೇ ಇಲ್ಲ, ಬರಿಯ ಕುಣಿಕೆ. ಕೊನೆಯ ಎಳೆಯನ್ನು ಭದ್ರ ಮಾಡದೆ ಬಿಟ್ಟರೆ, ಹಿಡಿದೆಳೆದಾಗ ಇಡೀ ಚೌಕ ಮತ್ತೆ ನೂಲಾಗುತ್ತದೆ. ಇದು ದೌರ್ಬಲ್ಯವೂ ಹೌದು, ಗುಣವೂ ಹೌದು. ಮಗು ಬೆಳೆದು ಟೊಪ್ಪಿ ಚಿಕ್ಕದಾದರೆ ಬಿಚ್ಚಿ ಬಿಸಿನೀರಿನಲ್ಲಿ ಅದ್ದಿ ಒಣಗಿಸಿದರೆ ನೂಲಿನ ಸುಕ್ಕು ಬಹುಮಟ್ಟಿಗೆ ಹೋಗುತ್ತದೆ. ಅದನ್ನೇ ಮತ್ತೆ ಹೊದಿಕೆಗೆ ಬಳಸಬಹುದು.

ತುಂಡುಗಳನ್ನು ಜೋಡಿಸಿ ಹೊದಿಕೆ ಮಾಡುವ ಬುದ್ಧಿ ನಮಗೆ ಹೊರಗಿನಿಂದ ಬರಬೇಕಾಗಿರಲಿಲ್ಲ. ಉತ್ತರ ಕರ್ನಾಟಕದ ಕೌದಿಯನ್ನು ಯಾರು ಅರಿಯರು? ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಹೊದಿಕೆ ಅದು. ಬೈಂದೂರು ದಾಟಿ ಭಟ್ಕಳದ ಆಚೆ ಉತ್ತರ ಕನ್ನಡದ ಘಟ್ಟ ಹತ್ತಿದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿಗಳು ಸಿಗುತ್ತವೆ. ಇಂದು ಹೊರದೇಶಗಳ ಪ್ರದರ್ಶನಗಳಲ್ಲೂ ಅವು ಹೆಸರು ಮಾಡಿವೆ. ಅಂಚಿನಿಂದ ಹೊಲಿಗೆ ಹಿಡಿದು ಸುತ್ತುತ್ತಾ ನಡುವಿಗೆ ಬರುವುದು ಅವರ ಕ್ರಮ. ಅಜ್ಜಿಯ ಚೌಕ ಇದಕ್ಕೆ ತದ್ವಿರುದ್ಧ, ನಡುವಿನಿಂದ ಹೊರಟು ಅಂಚಿಗೆ ಹೋಗುತ್ತದೆ. ಸಿದ್ದಿಗಳ ಕೌದಿಯ ಮೂಲೆಗಳಿಗೆ ಬಟ್ಟೆಯ ‘ಹೂವು’ ಇಡದಿದ್ದರೆ ಕೆಲಸ ಮುಗಿದಂತಲ್ಲ. ಕೆಲವರು ಮುಚ್ಚುವ ಮೊದಲು ಒಳಗೆ ನಾಲ್ಕು ಅಕ್ಕಿಕಾಳು ಹಾಕುವುದೂ ಉಂಟು, ಕೌದಿಯ ಹೊಟ್ಟೆ ಬರಿದಾಗಿರಬಾರದು ಎಂದು. ನಮ್ಮ ಕರಾವಳಿಯಲ್ಲೂ ಬಾಣಂತಿಯ ಕೋಣೆಗೆ ಹಳೆಯ ಹತ್ತಿ ಸೀರೆಗಳನ್ನು ಮಡಿಸಿ ಹೊಲಿದು ಕೂಸಿಗೆ ಹಾಸುತ್ತಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಎಲ್ಲರೂ ಹೇಳುತ್ತಾರೆ. ಈ ಹೆಂಗಸರು ಕಾಲಿಗೆ ತಕ್ಕಂತೆ ಹಾಸಿಗೆಯನ್ನೇ ಬೆಳೆಸಿದವರು.

ಚೌಕ ಸೇರಿಸುತ್ತಾ ಹೋದರೆ ಎಲ್ಲಿಯವರೆಗೆ ಹೋಗಬಹುದು? 2016ರ ಜನವರಿ 31ರಂದು ಚೆನ್ನೈಯಲ್ಲಿ ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಎಂಬ ಬಳಗದವರು ತಮ್ಮ ತಮ್ಮ ಮನೆಗಳಲ್ಲಿ ಹೆಣೆದ ತುಂಡುಗಳನ್ನು ಜೋಡಿಸಿ 11,148.5 ಚದರ ಮೀಟರ್ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿದರು. ಎಕರೆಯಲ್ಲಿ ಹೇಳಿದರೆ ಎರಡೂ ಮುಕ್ಕಾಲು ಎಕರೆ!

ಯಾರೂ ಇಡದ ಲೆಕ್ಕ

ಈಗ ಮೊದಲು ಹೇಳಿದ ಲೆಕ್ಕಕ್ಕೆ ಬರೋಣ. ಒಂದು ಮಗುವಿನ ಹೊದಿಕೆ ಎಂದರೆ ಒಂದು ಮೀಟರ್ ಅಗಲ, ಒಂದೂ ಕಾಲು ಮೀಟರಿಗೆ ಸ್ವಲ್ಪ ಕಡಿಮೆ ಉದ್ದ. 10 ಸೆಂಟಿಮೀಟರಿನ ಚೌಕಗಳಾದರೆ ಅಡ್ಡಕ್ಕೆ 10, ಉದ್ದಕ್ಕೆ 12, ಒಟ್ಟು 120 ಚೌಕ. ಒಂದಕ್ಕೆ ಅರ್ಧ ಗಂಟೆಯಂತೆ 60 ಗಂಟೆ. ಪ್ರತಿ ಚೌಕದಲ್ಲಿ ನಾಲ್ಕು ಬಣ್ಣವಿದ್ದರೆ ಎಂಟು ನೂಲಿನ ತುದಿಗಳು. 120 ಚೌಕಗಳಿಗೆ 960 ತುದಿ. ಇವನ್ನು ಒಂದೊಂದಾಗಿ ಸೂಜಿಯಲ್ಲಿ ಪೋಣಿಸಿ ಒಳಗೆ ಅಡಗಿಸದಿದ್ದರೆ ಎರಡನೆಯ ಒಗೆತಕ್ಕೆ ಹೊದಿಕೆ ಬಾಯಿ ಬಿಡುತ್ತದೆ. ತುದಿಗೆ ಅರ್ಧ ನಿಮಿಷವೆಂದರೂ ಎಂಟು ಗಂಟೆ. ಜೋಡಿಸುವುದು, ಸುತ್ತ ಅಂಚು ಕಟ್ಟುವುದು ಇನ್ನೊಂದು ಹನ್ನೆರಡು ಗಂಟೆ. ಒಟ್ಟಿಗೆ 80 ಗಂಟೆ. ಇದನ್ನು 2000 ರೂಪಾಯಿಗೆ ಮಾರಿದರು ಎಂದುಕೊಳ್ಳಿ. ನೂಲು ಪುಕ್ಕಟೆ ಎಂದೇ ಇಟ್ಟುಕೊಂಡರೂ ಗಂಟೆಗೆ ಸಿಕ್ಕಿದ್ದು 25 ರೂಪಾಯಿ. ಆ ಬೆಲೆ ಕೇಳಿಯೇ ಗಿರಾಕಿ ‘ಎಂಥ ರೇಟು ಮಾರಾಯ್ರೆ, ಪೇಟೆಯಲ್ಲಿ ಕಂಬಳಿ ಇದಕ್ಕಿಂತ ಕಮ್ಮಿಗೆ ಸಿಕ್ಕುತ್ತದೆ’ ಎನ್ನುತ್ತಾನೆ.

ಅವನು ಹೇಳುವುದು ನಿಜ. ಕಂಬಳಿಯನ್ನು ಯಂತ್ರ ಮಾಡುತ್ತದೆ. ಆದರೆ ನಿಜವಾದ ಕ್ರೋಶಾವನ್ನು ಹೆಣೆದು ಮಾರುಕಟ್ಟೆ ತುಂಬುವ ಯಂತ್ರ ಇನ್ನೂ ಬಂದಿಲ್ಲ. ಗಿರಣಿಗಳಲ್ಲಿ ಅದೇ ಹೆಸರಿನ ಯಂತ್ರಗಳಿದ್ದರೂ ಅವು ತಯಾರಿಸುವುದು ಕ್ರೋಶಾದಂತೆ ಕಾಣುವ ಬೇರೊಂದು ಹೆಣಿಗೆ. ಹೀಗಾಗಿ ಅಂಗಡಿಯಲ್ಲಿ ಅಗ್ಗದ ಕ್ರೋಶಾ ಅಂಗಿಯೋ ಚೀಲವೋ ಕಂಡರೆ, ಎಲ್ಲೋ ಒಬ್ಬರ ಕೈ ಅದನ್ನು ಹೆಣೆದಿದೆ ಎಂದೇ ಅರ್ಥ. ಅಗ್ಗವಾದದ್ದು ನೂಲಲ್ಲ, ಆ ಕೈಯ ಹೊತ್ತು.

ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ನರಸಾಪುರದ ಲೇಸು ಹೆಂಗಸರ ಬಗ್ಗೆ ಅಧ್ಯಯನ ನಡೆಸಿ 1982ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. ಅವರು ಎತ್ತಿ ತೋರಿಸಿದ್ದು ಇದನ್ನೇ. ದಿನವಿಡೀ ದುಡಿದರೂ ಅವರನ್ನು ಕೆಲಸಗಾರರೆಂದು ಯಾರೂ ಎಣಿಸಲಿಲ್ಲ. ಅವರು ‘ಗೃಹಿಣಿಯರು’, ಲೇಸು ಅವರ ‘ಬಿಡುವಿನ ವೇಳೆಯ ಹವ್ಯಾಸ’. ಹವ್ಯಾಸಕ್ಕೆ ಕೂಲಿ ಕೇಳುವವರು ಯಾರು? ರಫ್ತಿನ ಲಾಭ ಮಾತ್ರ ವ್ಯಾಪಾರಿಗಳ ಖಾತೆಗೆ ಹೋಯಿತು.

ನಮ್ಮೂರಿನಲ್ಲೇ ಇದಕ್ಕೊಂದು ಹೋಲಿಕೆ ಇದೆ. ಅದೇ ಜಗಲಿಯಲ್ಲಿ, ಅದೇ ತುಂಡು ಸಮಯದಲ್ಲಿ, ಹೆಂಗಸರು ಬೀಡಿಯನ್ನೂ ಕಟ್ಟಿದ್ದಾರೆ. ಎಲೆ, ಹೊಗೆಸೊಪ್ಪು, ನೂಲು ಗುತ್ತಿಗೆದಾರನದ್ದು, ಬೆರಳು ಇವರದ್ದು. ಆದರೆ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಮನೆಯಲ್ಲಿ ಕುಳಿತು ಕಟ್ಟುವವರನ್ನೂ ಕಾರ್ಮಿಕರೆಂದು ಒಪ್ಪಿತು. ಮುಂದೆ ಪಾಸ್‌ಬುಕ್ಕು, ಭವಿಷ್ಯನಿಧಿ ಬಂದವು. ಬೀಡಿ ಸೇದುವವರ ಎದೆಗೆ ಆದದ್ದು ಬೇರೆ ಮಾತು. ಕಟ್ಟಿದವರ ಗಂಟೆಗೊಂದು ಹೆಸರಾದರೂ ಸಿಕ್ಕಿತು. ಕ್ರೋಶಾ ಕಡ್ಡಿ ಹಿಡಿದ ಕೈಗೆ ಅದೂ ಸಿಗಲಿಲ್ಲ. ಮನೆಯಲ್ಲೇ ಕುಳಿತು ದುಡಿಯುವವರ ಹಕ್ಕಿಗಾಗಿ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಒಂದು ಒಪ್ಪಂದವನ್ನು ಅಂಗೀಕರಿಸಿತು. ಭಾರತ ಅದಕ್ಕೆ ಸಹಿ ಹಾಕಿಲ್ಲ.

ಹಾಗೆಂದು ಹೊದಿಕೆ ಹೆಣೆಯುವುದನ್ನು ಬಿಟ್ಟುಬಿಡಬೇಕೆ? ಖಂಡಿತ ಬೇಡ. ಬಹುಪಾಲು ಹೊದಿಕೆಗಳು ಮಾರಾಟಕ್ಕಲ್ಲ, ಮನೆಯವರಿಗೆ. ಅಲ್ಲಿ ಗಂಟೆಗೆ ಇಷ್ಟೆಂದು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರುವ ಮಗಳ ಮನೆಗೆ ಹೋದ ಹೊದಿಕೆಯಲ್ಲಿ ಈ ಹಳದಿ ದೊಡ್ಡವನ ಟೊಪ್ಪಿಯದ್ದು, ಈ ನೀಲಿ ನಿನ್ನ ತಮ್ಮನ ಕಾಲುಚೀಲದ್ದು ಎಂದು ಬೆರಳಿಟ್ಟು ತೋರಿಸಬಹುದು. ಅಂಗಡಿಯ ಕಂಬಳಿಯಲ್ಲಿ ಅದಾಗದು. ಬೇಡುವುದು ಇಷ್ಟೇ: ಮನೆಗೆಂದು ಮಾಡಿದ್ದನ್ನು ಪ್ರೀತಿಯಿಂದ ಹೊದೆಯೋಣ, ಮಾರಾಟಕ್ಕೆಂದು ಮಾಡಿದ್ದಕ್ಕೆ ಚೌಕಾಸಿ ಮಾಡುವ ಮುನ್ನ 960 ತುದಿಗಳನ್ನು ನೆನೆಯೋಣ.

ಹೆಣೆಯುವವರಿಗೂ ಒಂದು ಸಲಹೆ ಉಂಟು. ಮುಂದಿನ ಮಳೆಗಾಲದಲ್ಲಿ ಡಬ್ಬಿ ತೆರೆದಾಗ ಪಕ್ಕದಲ್ಲಿ ಒಂದು ಹಳೆಯ ನೋಟುಬುಕ್ಕು ಇಟ್ಟುಕೊಳ್ಳಿ. ಇಂದು ಎಷ್ಟು ಚೌಕ, ಎಷ್ಟು ಹೊತ್ತು ಎಂದು ಒಂದು ಸಾಲು ಬರೆದಿಡಿ. ಮುಗಿದ ಹೊದಿಕೆಯ ಮೂಲೆಯಲ್ಲಿ ಹೆಸರನ್ನೂ ಇಸವಿಯನ್ನೂ ನೂಲಿನಲ್ಲೇ ಹೊಲಿದುಬಿಡಿ. ಉಳಿದ ನೂಲಿಗೆ ನೀವು ಲೆಕ್ಕ ಇಟ್ಟಿದ್ದೀರಿ. ನಿಮ್ಮ ಹೊತ್ತಿಗೂ ಒಂದು ಲೆಕ್ಕ ಇರಲಿ.